‘ನೌಕಾಯಾನ’: ಸಮಾನಾರ್ಥಕ ಪದಗಳು ಮತ್ತು ಬಳಕೆಯ ನೆಲೆಗಳು

ಜಲಮಾರ್ಗದ ಪಯಣವನ್ನು ಸೂಚಿಸಲು ಶಿಷ್ಟ ಕನ್ನಡ ಬರೆಹದಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಪದ ‘ನೌಕಾಯಾನ’. ಇದರ ಜೊತೆಗೆ ಜಲಯಾನ, ಸಮುದ್ರಯಾನ, ಜಲಸಂಚಾರ, ದೋಣಿಪಯಣ ಮೊದಲಾದವನ್ನು ಸಮಾನಾರ್ಥಕಗಳೆಂದು ಪಟ್ಟಿ ಮಾಡುವುದು ವಾಡಿಕೆ. ಪಟ್ಟಿಯಲ್ಲಿ ಸಮಾನವಾಗಿ ತೋರುವ ಈ ಪದಗಳು ಬಳಕೆಯಲ್ಲಿ ಸಮಾನವಲ್ಲ. ತುಂಗಭದ್ರೆಯ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋದವರು ‘ಹೊಳೆ ದಾಟಿದೆವು’ ಎನ್ನುತ್ತಾರೆಯೇ ಹೊರತು ‘ನೌಕಾಯಾನ ಮಾಡಿದೆವು’ ಎನ್ನುವುದಿಲ್ಲ. ಈ ವ್ಯತ್ಯಾಸ ಕೇವಲ ಶೈಲಿಗೆ ಸಂಬಂಧಿಸಿದುದಲ್ಲ. ಕನ್ನಡ ನಾಡಿನ ನೀರಿನ ಸ್ವರೂಪಕ್ಕೂ ಅದರೊಡನೆ ಜನರಿಗಿದ್ದ ಸಂಬಂಧಕ್ಕೂ ಸೇರಿದುದಾಗಿದೆ.

1. ವಾಹನವಾಚಕಗಳ ಅರ್ಥವ್ಯಾಪ್ತಿ

ನೀರಿನ ಮೇಲೆ ಸಾಗುವ ವಾಹನಗಳಿಗೆ ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ದೋಣಿ, ಓಡ, ಹರಿಗೋಲು, ತೆಪ್ಪ, ಹಡಗು, ನಾವೆ, ನೌಕೆ ಇವು ಪರಿಚಿತವಾದವು. ಆದರೆ ಪ್ರತಿಯೊಂದಕ್ಕೂ ತನ್ನದೇ ಆದ ಎಲ್ಲೆಯಿದೆ.

‘ಹಡಗು’ ಪದದ ಹಳಗನ್ನಡ ರೂಪ ‘ಪಡಗು’. ಪಕಾರವು ಹಕಾರವಾದ ಪ್ರಸಿದ್ಧ ಧ್ವನಿವ್ಯತ್ಯಾಸಕ್ಕೆ ಇದೂ ಒಂದು ನಿದರ್ಶನ. ತಮಿಳಿನ ‘ಪಡಗು’, ತೆಲುಗಿನ ‘ಪಡವ’ ಇದರ ಜ್ಞಾತಿಪದಗಳು. ಇಂದಿನ ತಮಿಳು, ತೆಲುಗುಗಳಲ್ಲಿ ಅವು ಸಣ್ಣ ದೋಣಿಯನ್ನು ಸೂಚಿಸಿದರೆ, ಕನ್ನಡದ ‘ಹಡಗು’ ಸಮುದ್ರದ ದೊಡ್ಡ ವಾಹನಕ್ಕೆ ಮೀಸಲಾಗಿದೆ. ಹೊಳೆ ದಾಟಿಸುವ ವಾಹನವನ್ನು ಕನ್ನಡಿಗರು ಹಡಗೆಂದು ಕರೆಯುವುದಿಲ್ಲ. ಮೂಲ ಒಂದೇ ಆದ ಪದ ಭಾಷೆಯಿಂದ ಭಾಷೆಗೆ ಅರ್ಥದ ಅಳತೆಯನ್ನು ಬದಲಿಸಿಕೊಂಡಿರುವುದು ಇಲ್ಲಿ ಗಮನಾರ್ಹ.

‘ದೋಣಿ’ಯನ್ನು ಸಂಸ್ಕೃತದ ‘ದ್ರೋಣಿ’ಯೊಡನೆ ಹೋಲಿಸಲಾಗುತ್ತದೆ. ಅಮರಕೋಶದ ವಾರಿವರ್ಗದಲ್ಲಿ ‘ದ್ರೋಣಿ’ ಎಂಬುದು ನೀರನ್ನು ಒಯ್ಯುವ ಮರದ ಪಾತ್ರೆ. ಒಳಗೆ ಟೊಳ್ಳಾದುದು ಎಂಬುದೇ ಇಲ್ಲಿನ ಮುಖ್ಯ ಭಾವ. ಬಂಡೆಯಲ್ಲಿ ನೀರು ನಿಲ್ಲುವ ತಗ್ಗಿಗೆ ಕನ್ನಡದಲ್ಲಿರುವ ‘ದೊಣೆ’ ಎಂಬ ಪದವೂ ಇದೇ ಭಾವವನ್ನು ನೆನಪಿಸುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕಂಚಿನ ದೊಣೆ, ಲಕ್ಕಿ ದೊಣೆಗಳು ಪರಿಚಿತ ಉದಾಹರಣೆಗಳು.

‘ಹರಿಗೋಲು’ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿ ಮಾಡುತ್ತಿದ್ದ ದುಂಡನೆಯ ವಾಹನ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಆನೆಗೊಂದಿಗೆ ಜನರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ದಾಟುತ್ತಿದ್ದುದನ್ನೂ, ಹದಿನೈದು ಇಪ್ಪತ್ತು ಮಂದಿಯನ್ನು ಹೊರುವ ಅವು ನೇರವಾಗಿ ಚಲಿಸದೆ ಸುತ್ತುತ್ತ ಸಾಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಹರಿಗೋಲನ್ನು ‘ದೋಣಿ’ ಎಂದು ಅನುವಾದಿಸಿದರೆ ಈ ಆಕಾರವೂ ಚಲನೆಯೂ ಕಾಣೆಯಾಗುತ್ತವೆ. ಪುರಂದರದಾಸರು ಅಂಬಿಗನನ್ನು ಕುರಿತ ಕೀರ್ತನೆಯಲ್ಲಿ ದೇಹಕ್ಕೆ ಪ್ರತಿಮೆಯಾಗಿ ಆರಿಸಿಕೊಂಡುದು ಒಂಬತ್ತು ತೂತುಗಳ ಹರಿಗೋಲನ್ನೇ; ಹೊದಿಕೆ ಹರಿದರೆ ಮುಳುಗುವ ವಾಹನಕ್ಕೆ ಮಾತ್ರ ಆ ಪ್ರತಿಮೆ ಪೂರ್ಣವಾಗಿ ಹೊಂದುತ್ತದೆ.

2. ಉಳಿದ ಪದ, ಮರೆಯಾದ ಮೂಲ

ದೋಣಿ ಎಂಬ ಅರ್ಥದ ‘ಅಂಬಿ’ ಎಂಬ ಪದ ಇಂದಿನ ಕನ್ನಡದಲ್ಲಿ ಬಳಕೆ ತಪ್ಪಿದೆ. ಆದರೆ ಅದರಿಂದ ಸಾಧಿತವಾದ ‘ಅಂಬಿಗ’ ಜೀವಂತವಾಗಿದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನಲ್ಲಿ ಅದು ವೃತ್ತಿಸೂಚಕವಾಗಿ ನಿಂತಿದೆ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರ ಕುರಿತ ಗಾದೆಯಲ್ಲಿ ಲೋಕಾನುಭವವಾಗಿ ಉಳಿದಿದೆ. ವಾಹನದ ಹೆಸರು ಅಳಿದರೂ ನಡೆಸುವವನ ಹೆಸರು ಉಳಿಯಿತು.

ಕಡಲಿನ ಪದಕೋಶದ ಚರಿತ್ರೆ ಬೇರೆ. ಬಂದರು, ಲಂಗರು ಇವು ಪಾರಸಿಯಿಂದಲೂ ‘ಚುಕ್ಕಾಣಿ’ ಅರಬ್ಬಿ ಮೂಲದಿಂದಲೂ ಬಂದವು. ಪಶ್ಚಿಮ ಕರಾವಳಿಯ ವ್ಯಾಪಾರ ಸಂಪರ್ಕಗಳಿಗೆ ಇವು ಭಾಷಿಕ ಸಾಕ್ಷ್ಯಗಳು. ‘ಹಾಯಿ’ ಮಾತ್ರ ದ್ರಾವಿಡ ಪದ. ತಮಿಳಿನ ‘ಪಾಯ್’ ಚಾಪೆಯನ್ನೂ ಹಾಯಿಯನ್ನೂ ಸೂಚಿಸುತ್ತದೆ. ದಾಟು ಎಂಬ ಅರ್ಥದ ‘ಹಾಯು’ ಕ್ರಿಯಾಪದದಿಂದ ಇದು ಬಂದಿತೆಂದು ಭಾವಿಸುವುದು ಆಕರ್ಷಕವಾದರೂ ಸರಿಯಲ್ಲ. ಅವೆರಡೂ ರೂಪಸಾಮ್ಯವುಳ್ಳ ಬೇರೆ ಬೇರೆ ಪದಗಳು.

3. ಕ್ರಿಯಾಪದದ ಪ್ರಶ್ನೆ

ವಾಹನವಾಚಕಗಳು ಇಷ್ಟಿದ್ದರೂ ‘ನೀರಿನ ಮೇಲೆ ಪಯಣಿಸು’ ಎಂಬ ಸಾಮಾನ್ಯ ಅರ್ಥಕ್ಕೆ ಕನ್ನಡದ ದೈನಂದಿನ ಬಳಕೆಯಲ್ಲಿ ಏಕಪದವಾದ ದೇಶ್ಯ ಕ್ರಿಯಾಪದವಿಲ್ಲ. ಆ ಸ್ಥಾನವನ್ನು ಹಲವು ಕ್ರಿಯೆಗಳು ಹಂಚಿಕೊಂಡಿವೆ. ಪ್ರಯಾಣಿಕನು ಹೊಳೆ ದಾಟುತ್ತಾನೆ, ದೋಣಿ ಹತ್ತುತ್ತಾನೆ, ದಡ ಸೇರುತ್ತಾನೆ. ಅಂಬಿಗನು ಹುಟ್ಟು ಹಾಕುತ್ತಾನೆ, ದೋಣಿ ನಡೆಸುತ್ತಾನೆ, ಜನರನ್ನು ದಾಟಿಸುತ್ತಾನೆ. ಮೀನುಗಾರನು ಕಡಲಿಗೆ ಇಳಿಯುತ್ತಾನೆ. ಪ್ರವಾಸಿಗನದು ‘ದೋಣಿವಿಹಾರ’. ಹೀಗೆ ಕ್ರಿಯಾಪದದ ಆಯ್ಕೆಯು ನೀರು ಯಾವುದು, ಮಾಡುವವರು ಯಾರು, ಉದ್ದೇಶವೇನು ಎಂಬ ಮೂರು ಅಂಶಗಳನ್ನು ಅವಲಂಬಿಸಿದೆ.

ಇದಕ್ಕೆ ಭೌಗೋಳಿಕ ಕಾರಣವನ್ನು ಊಹಿಸಬಹುದು. ಒಳನಾಡಿನ ನದಿಗಳು ಬಂಡೆಗಳಿಂದ ಕೂಡಿದವು. ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬತ್ತುವಂಥವು. ಅವುಗಳ ಉದ್ದಕ್ಕೂ ಸಾಗುವುದಕ್ಕಿಂತ ಅಡ್ಡಲಾಗಿ ದಾಟುವುದೇ ಜನರ ಅಗತ್ಯವಾಗಿತ್ತು. ಆದುದರಿಂದಲೇ ‘ದಾಟು’ ಎಂಬುದು ಬಲಿಷ್ಠ ಧಾತುವಾಗಿ, ಸಂಸಾರಸಾಗರವನ್ನು ದಾಟುವ ರೂಪಕದವರೆಗೆ ಬೆಳೆಯಿತು. ಸಂಸ್ಕೃತದಲ್ಲಿಯೂ ತರಣಿ, ತರಿ, ಆತರ, ತೀರ್ಥ ಮೊದಲಾದವು ‘ದಾಟು’ ಎಂಬ ಅರ್ಥದ ‘ತೃ’ ಧಾತುವಿನಿಂದ ಬಂದವು. ಇವುಗಳಲ್ಲಿ ‘ಆತರ’ವೆಂದರೆ ದಾಟಿಸುವುದಕ್ಕೆ ಕೊಡುವ ಕೂಲಿ. ಕನ್ನಡದ ಜೈನ ಕವಿಗಳಿಗೆ ಪ್ರಿಯವಾದ ‘ತೀರ್ಥಂಕರ’ ಪದದ ಒಡಲಲ್ಲಿಯೂ ದಾಟುವ ಸ್ಥಳದ ಕಲ್ಪನೆಯಿದೆ.

4. ಇಂದಿನ ಬಳಕೆ

‘ನೌಕೆ’ ಮತ್ತು ‘ಯಾನ’ಗಳು ಈಗ ನೀರಿನಿಂದ ಆಕಾಶಕ್ಕೆ ಏರಿವೆ. ಬಾಹ್ಯಾಕಾಶ ನೌಕೆ, ವಿಮಾನಯಾನ, 2008ರ ಚಂದ್ರಯಾನ ಇದಕ್ಕೆ ಸಾಕ್ಷಿ. ‘ಕರ್ಣಧಾರ’, ‘ಚುಕ್ಕಾಣಿ’ಗಳು ಪತ್ರಿಕೆಗಳಲ್ಲಿ ಆಡಳಿತದ ರೂಪಕಗಳಾಗಿವೆ. ಕರಾವಳಿಯಲ್ಲಿ ‘ಬೋಟು’ ಯಂತ್ರಚಾಲಿತ ವಾಹನಕ್ಕೂ ‘ನಾಡದೋಣಿ’ ಸಾಂಪ್ರದಾಯಿಕ ವಾಹನಕ್ಕೂ ನಿಗದಿಯಾಗಿವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕಾ ನಿಷೇಧವು ಯಾಂತ್ರೀಕೃತ ಬೋಟುಗಳಿಗೆ ಅನ್ವಯಿಸುತ್ತದೆ, ನಾಡದೋಣಿಗಳಿಗೆ ಅವಕಾಶವಿದೆ. ಇಲ್ಲಿ ಒಂದು ಪದದ ಬದಲು ಇನ್ನೊಂದನ್ನು ಬಳಸಿದರೆ ಜೀವನೋಪಾಯದ ವಿಷಯದಲ್ಲಿಯೇ ಗೊಂದಲ ಉಂಟಾಗುತ್ತದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಶರಾವತಿಯ ಹಿನ್ನೀರು ದಾಟಲು ಸಾಗರ ತಾಲ್ಲೂಕಿನ ಜನರು ದಶಕಗಳ ಕಾಲ ‘ಲಾಂಚ್’ ಅನ್ನು ನೆಚ್ಚಿದ್ದರು. ನೌಕೆಯೂ ಅಲ್ಲದ, ದೋಣಿಯೂ ಅಲ್ಲದ ಆ ವಾಹನಕ್ಕೆ ಜನರು ಅನ್ಯಭಾಷೆಯ ಪದವನ್ನು ಸ್ವೀಕರಿಸಿ, ಲಾಂಚ್ ಹತ್ತು, ಲಾಂಚ್ ಇಳಿ ಎಂದು ಕನ್ನಡದ ಕ್ರಿಯಾಪದಗಳೊಡನೆ ಬೆಸೆದುಕೊಂಡರು. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಸೇತುವೆಯಿಂದ ಜನರ ಬವಣೆ ನೀಗುವುದು ಸ್ವಾಗತಾರ್ಹವೇ. ಆದರೆ ದಾಟುವ ವೃತ್ತಿಯೊಡನೆ ಹೆಣೆದುಕೊಂಡ ನುಡಿಗಟ್ಟುಗಳು ಬಳಕೆ ತಪ್ಪುವುದೂ ಅಷ್ಟೇ ಸಹಜ.

5. ಉಪಸಂಹಾರ

ಕಿಟೆಲ್ ಅವರ 1894ರ ನಿಘಂಟು ಹಾಗೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಸಂಗ್ರಹದಲ್ಲಿ ಮಹತ್ತರವಾದ ಕಾರ್ಯವನ್ನು ಸಾಧಿಸಿವೆ. ಮುಂದಿನ ಅಗತ್ಯವಿರುವುದು ಬಳಕೆಯ ದಾಖಲೆ. ಯಾವ ವಾಹನವಾಚಕದೊಡನೆ ಯಾವ ಕ್ರಿಯಾಪದ ಬರುತ್ತದೆ, ಅದನ್ನು ಯಾರು ಯಾವ ನೀರಿನ ಸಂದರ್ಭದಲ್ಲಿ ಆಡುತ್ತಾರೆ ಎಂಬುದನ್ನು ಅಂಬಿಗರು ಮತ್ತು ಮೀನುಗಾರರಿಂದ ಕೇಳಿ ಬರೆದುಕೊಳ್ಳಬೇಕು. ಹಾಗಾದಾಗ ಅನುವಾದಕರು ಹೊಳೆ ದಾಟುವವರಿಂದ ‘ನೌಕಾಯಾನ’ ಮಾಡಿಸುವುದು ತಪ್ಪುತ್ತದೆ. ತರಗತಿಯಲ್ಲಿ ಸಮಾನಾರ್ಥಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಆ ಪದಗಳ ನಡುವಿನ ಅಂತರವೂ ತಿಳಿಯುತ್ತದೆ. ದಾಟಿಸುವವರು ಇನ್ನೂ ಇರುವಾಗಲೇ ಈ ಕಾರ್ಯ ನಡೆಯಬೇಕಾಗಿದೆ.