ಯುವಕ ಸಂಘದ ಕೈಬರಹ ಪತ್ರಿಕೆ

ಕೊಳ್ಳೇಗಾಲ, ಹನೂರು, ಯಳಂದೂರಿನ ಸುದ್ದಿ ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಆದರೆ ಕೆರೆಯ ಹೂಳು, ಕೆಟ್ಟ ಬೀದಿ ನಲ್ಲಿ, ನಿಂತುಹೋದ ಬಸ್ಸಿನ ಸಂಗತಿ ಅಲ್ಲಿಗೆ ತಲುಪುವುದು ಅಪರೂಪ. ಯುವಕ ಸಂಘಗಳ ಪತ್ರಿಕೆ ಹುಟ್ಟುವುದು ಈ ಕೊರತೆಯಿಂದಲೇ.

ಇದಕ್ಕೆ ಮುದ್ರಣಾಲಯವೇ ಬೇಕೆಂದಿಲ್ಲ ಎಂಬುದಕ್ಕೆ ಗಡಿನಾಡಿನಲ್ಲಿ ಹಳೆಯ ನಿದರ್ಶನವಿದೆ. ಕೊಳ್ಳೇಗಾಲದಂತೆ ಕಾಸರಗೋಡು ಕೂಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿನ ಪೆರಡಾಲದಲ್ಲಿ 1915ರಲ್ಲಿ ಜನಿಸಿದ ಕಯ್ಯಾರ ಕಿಞ್ಞಣ್ಣ ರೈ ಹನ್ನೆರಡರ ಹರೆಯದಲ್ಲೇ ‘ಸುಶೀಲಾ’ ಎಂಬ ಕೈಬರಹದ ಪತ್ರಿಕೆ ಹೊರತಂದಿದ್ದರು. ಮುಂದೆ ಅವರು ಕವಿಯಾಗಿ, ಪತ್ರಕರ್ತರಾಗಿ ಹೆಸರಾದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದರು.

ಕೈಬರಹದ ಪತ್ರಿಕೆಗೆ ಇರುವುದು ಒಂದೇ ಪ್ರತಿ. ಅಕ್ಷರ ದುಂಡಗಿರುವವರು ಬರೆಯುತ್ತಾರೆ, ಚಿತ್ರ ಬಲ್ಲವರು ಮುಖಪುಟ ಮಾಡುತ್ತಾರೆ. ಪ್ರತಿ ಮನೆಯಿಂದ ಮನೆಗೆ ಹೋಗುತ್ತದೆ. ಕೊನೆಯ ಹಾಳೆಗಳು ಓದುಗರ ಅಭಿಪ್ರಾಯಕ್ಕೆ ಮೀಸಲು. ಹೆಚ್ಚು ಪ್ರತಿ ಬೇಕಾದಾಗ ಸೈಕ್ಲೋಸ್ಟೈಲ್ ನೆರವಿಗೆ ಬಂತು. ಮೇಣ ಸವರಿದ ಹಾಳೆಯ ಮೇಲೆ ಲೋಹದ ಮೊನೆಯಿಂದ ಬರೆದರೆ, ಮೇಣ ಸರಿದ ಜಾಗದಲ್ಲಿ ಮಸಿ ಇಳಿದು ಕಾಗದದ ಮೇಲೆ ಅಕ್ಷರ ಮೂಡುತ್ತಿತ್ತು. ಬಳಿಕ ಜೆರಾಕ್ಸ್ ಬಂತು, ಈಗ ಮೊಬೈಲ್ ಇದೆ.

ಸಾಧನ ಬದಲಾದರೂ ಕಷ್ಟ ಬದಲಾಗಿಲ್ಲ. ಮೊದಲ ಸಂಚಿಕೆಗೆ ಉತ್ಸಾಹ ಸಾಕು, ಎರಡನೆಯದಕ್ಕೆ ಬರಹ ಬೇಕು. ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಮಾದಪ್ಪನ ಕಥೆ ಹಾಡುವ ಕಂಸಾಳೆಯವರು, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕೊಳ್ಳೇಗಾಲದ ರೇಷ್ಮೆ ನೇಕಾರರು ಇಲ್ಲಿದ್ದಾರೆ. ಒಬ್ಬೊಬ್ಬರ ಮಾತನ್ನು ಹೆಸರು, ಊರು, ತಾರೀಖಿನ ಸಮೇತ ಬರೆದಿಟ್ಟರೆ ಒಂದೊಂದು ಸಂಚಿಕೆಯಾಗುತ್ತದೆ. ಬರೆಯದೆ ಬಿಟ್ಟರೆ ಆ ಮಾತು ಹಿರಿಯರೊಂದಿಗೇ ಹೋಗುತ್ತದೆ.