ಕೊನೆಕೊಯ್ಲು, ಯಕ್ಷಗಾನ ಮತ್ತು ವೈದ್ಯಪ್ರವೇಶದ ಪರೀಕ್ಷೆ

ಶಿರಸಿ ಸೀಮೆಯ ಹುಲಗೋಳದಂಥ ಅಡಕೆಯ ಊರಿನಲ್ಲಿ ಬೆಳೆದು, ವೈದ್ಯನಾಗಬೇಕೆಂದು ಹಂಬಲಿಸುವ ವಿದ್ಯಾರ್ಥಿಯ ವರ್ಷವನ್ನು ಒಮ್ಮೆ ಪರಿಶೀಲಿಸೋಣ. ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ ತೋಟದಲ್ಲಿ ಕೊನೆಕೊಯ್ಲು ಆರಂಭವಾಗುತ್ತದೆ. ಸುಲಿಯುವ ಯಂತ್ರಗಳು ಬಂದಿದ್ದರೂ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಅಡಕೆ ಸುಲಿಯುವ ಕೆಲಸ ಮನೆಮಂದಿಯನ್ನು ಪೂರ್ಣವಾಗಿ ಬಿಟ್ಟಿಲ್ಲ. ಯಕ್ಷಗಾನ ಮೇಳಗಳ ತಿರುಗಾಟವೂ ಅದೇ ತಿಂಗಳುಗಳಲ್ಲಿ. ಅದರ ಬೆನ್ನಿಗೇ ಮಾರ್ಚಿಯ ಸುಮಾರಿಗೆ ದ್ವಿತೀಯ ಪಿಯುಸಿ ಪರೀಕ್ಷೆ, ಮೇ ತಿಂಗಳ ಆರಂಭದಲ್ಲಿ ವೈದ್ಯಪ್ರವೇಶದ ನೀಟ್. ಮನೆಯ ದುಡಿಮೆ, ಊರಿನ ಕಲೆ, ಬಾಲಕನ ಭವಿಷ್ಯ ಮೂರೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಿದಂತೆ ಆಗುತ್ತದೆ.

ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯ ತರುವಾಯ ವೈದ್ಯಶಾಲೆಗೆ ಅರ್ಜಿ ಸಲ್ಲಿಸುವರು. ಅಲ್ಲಿ ಅಂಕಗಳೊಡನೆ ಸೇವಾಕಾರ್ಯ, ಸಂಗೀತ, ಕ್ರೀಡೆಗಳಿಗೂ ಬೆಲೆಯುಂಟು. ನಮ್ಮಲ್ಲಿ ಹಾಗಿಲ್ಲ. 2025ರ ನೀಟ್ ಪರೀಕ್ಷೆಯಲ್ಲಿ 180 ನಿಮಿಷ, 180 ಪ್ರಶ್ನೆ, 720 ಅಂಕ. ಅವುಗಳಲ್ಲಿ ಅರ್ಧ, ಎಂದರೆ 90 ಪ್ರಶ್ನೆಗಳು, ಜೀವಶಾಸ್ತ್ರದವು. ಸರಿಯುತ್ತರಕ್ಕೆ 4 ಅಂಕ; ತಪ್ಪಿದರೆ 1 ಅಂಕ ಕಳೆಯುವುದು. ಕಾರವಾರದಲ್ಲಿ 2013ರಿಂದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆಯಾದರೂ, ಸ್ವಂತ ಜಿಲ್ಲೆಯದೆಂದ ಮಾತ್ರಕ್ಕೆ ಅದರ ಬಾಗಿಲು ತೆರೆಯದು. ಹುಡುಗನು ಅಭಿಮನ್ಯುವಿನ ಪಾತ್ರವನ್ನು ಎಷ್ಟು ಚೆನ್ನಾಗಿ ಕುಣಿದರೂ ಅದಕ್ಕೆ ಒಂದಂಕವೂ ಇಲ್ಲ.

ಹಾಗಾದರೆ ಗೆಜ್ಜೆಯನ್ನು ಎರಡು ವರ್ಷ ಅಟ್ಟಕ್ಕೇರಿಸಬೇಕೆ? ಹಿರಿಯರು ಹೌದೆನ್ನುವರು. ಅದಕ್ಕೆ ಉತ್ತರವಾಗಿ ಸಾಹಿತಿಗಳಾದ ವೈದ್ಯರ ಹೆಸರುಗಳನ್ನು ಹೇಳುವ ರೂಢಿಯುಂಟು: 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದ ಡಾ. ಎಂ. ಶಿವರಾಂ, ಕಾದಂಬರಿಗಾರ್ತಿ ಡಾ. ಅನುಪಮಾ ನಿರಂಜನ. ಆದರೆ ಅವರ ಕಾಲದಲ್ಲಿ ನೀಟ್ ಇರಲಿಲ್ಲವಷ್ಟೆ! ಹೆಸರುಗಳಿಂದ ಹುರಿದುಂಬಿಸುವುದಕ್ಕಿಂತ ನೆನಪು ಹೇಗೆ ಕೆಲಸಮಾಡುತ್ತದೆಂದು ವಿಚಾರಿಸುವುದು ಲೇಸು.

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠಮಾಡಿ, ಮರೆವನ್ನು ಅಳೆದು, 1885ರಲ್ಲಿ ತನ್ನ ಫಲಿತಗಳನ್ನು ಪ್ರಕಟಿಸಿದನು. ಒಂದು ಪಟ್ಟಿಯನ್ನು ಒಂದೇ ದಿನ 68 ಸಲ ಓದಿದುದರಿಂದ ದೊರೆತ ಫಲವು, ಮೂರು ದಿನಗಳಿಗೆ ಹಂಚಿ ಕೇವಲ 38 ಸಲ ಓದಿದಾಗ ದೊರೆಯಿತು. ಶ್ರಮ ಅರ್ಧದಷ್ಟೇ ಸಾಕಾಯಿತೆಂದರೂ ಸಲ್ಲುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಪಾಠಗಳನ್ನು ಒಮ್ಮೆಲೆ ರಾಶಿಹಾಕುವ ವಿದ್ಯಾರ್ಥಿಯು ನಿಜವಾಗಿ ಕಳೆದುಕೊಂಡದ್ದು ಮಳೆಗಾಲದ ಸಂಜೆಗಳನ್ನೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೇಳಗಳಿಗೆ ಬಿಡುವು. ಕೊಯ್ಲು ಇನ್ನೂ ದೂರ. ಕರೆಂಟು ಹೋಗುವುದೊಂದೇ ತೊಂದರೆ.

ಇನ್ನೊಂದು ಪ್ರಯೋಗವು 2006ರದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕೆಲವು ವಿದ್ಯಾರ್ಥಿಗಳಿಂದ ಒಂದು ಗದ್ಯಭಾಗವನ್ನು ಎರಡು ಬಾರಿ ಓದಿಸಿದರು; ಕೆಲವರಿಂದ ಒಮ್ಮೆ ಓದಿಸಿ, ಬಳಿಕ ಪುಸ್ತಕ ಮುಚ್ಚಿ ನೆನಪಿದ್ದುದನ್ನು ಬರೆಯಿಸಿದರು. ಐದು ನಿಮಿಷದ ತರುವಾಯ ಎರಡು ಬಾರಿ ಓದಿದವರೇ ಮುಂದು. ಒಂದು ವಾರದ ಮೇಲಾದರೋ ಅವರಿಗೆ ಉಳಿದದ್ದು ಶೇಕಡ 42, ಬರೆದವರಿಗೆ ಶೇಕಡ 56.

ಪುಸ್ತಕ ಮುಚ್ಚಿ ಹೇಳುವ ಈ ವಿದ್ಯೆ ನಮ್ಮ ಸೀಮೆಗೆ ಹೊಸತಲ್ಲ. ಮಳೆಗಾಲದ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿದೊಡನೆ ಅರ್ಥಧಾರಿಯು ಕಥೆಯನ್ನೂ ವಾದವನ್ನೂ ನೆನಪಿನಿಂದಲೇ ಎತ್ತಿ ಕಟ್ಟಬೇಕು. ಕರ್ಣನ ಅರ್ಥ ಹೇಳಿದವನಿಗೆ ಮೂತ್ರಪಿಂಡದ ರಚನೆ ತಾನಾಗಿ ಬಾರದು, ನಿಜ. ಆದರೆ ಅದೇ ಕ್ರಮವನ್ನು ಜೀವಶಾಸ್ತ್ರಕ್ಕೂ ಒಗ್ಗಿಸಿ, ಅಜ್ಜಿಯನ್ನು ಎದುರು ಕೂರಿಸಿಕೊಂಡು ರಕ್ತಪರಿಚಲನೆಯ ಅರ್ಥ ಹೇಳಬಾರದೇಕೆ?

ಬೆಲೆ ತೆರಬೇಕಾದುದು ಬೇರೆಡೆ: ನಿದ್ರೆಯಲ್ಲಿ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು ಇಬ್ಬರು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಕಲಿತ ಬಳಿಕ ಮಲಗಿದಾಗ ಉಳಿಯುವ ನೆನಪು ಎಚ್ಚರವಿದ್ದಾಗಿನದಕ್ಕಿಂತ ಬಹು ಹೆಚ್ಚೆಂದು ಕಂಡರು. ನಿದ್ರೆಯಲ್ಲಿ ಮಿದುಳು ಹಗಲಿನ ಕಲಿಕೆಯನ್ನು ಗಟ್ಟಿಗೊಳಿಸುತ್ತದೆಂಬುದನ್ನು ಅನಂತರದ ಅನೇಕ ಸಂಶೋಧನೆಗಳು ಬೆಂಬಲಿಸಿವೆ. ಹದಿಹರೆಯದವರಿಗೆ ದಿನಕ್ಕೆ ಕನಿಷ್ಠ 8 ಗಂಟೆಯ ನಿದ್ರೆ ಬೇಕೆನ್ನುವರು ತಜ್ಞರು. ಆದುದರಿಂದ ಸಂಜೆ ಒಂದು ಗಂಟೆಯ ತಾಳದ ಅಭ್ಯಾಸದಿಂದ ಓದಿಗೆ ಹಾನಿಯಿಲ್ಲ. ಬೆಳಗಿನವರೆಗಿನ ಆಟದಿಂದ ಉಂಟು. ಬೆಳಗಿನವರೆಗಿನ ಓದಿನಿಂದಲೂ ಅಷ್ಟೇ ಹಾನಿಯುಂಟೆಂಬುದನ್ನು ಗೆಜ್ಜೆ ಕಸಿದುಕೊಳ್ಳುವ ಹಿರಿಯರು ಒಪ್ಪುವುದಿಲ್ಲ, ನಾವೇನು ಮಾಡೋಣ?

ಇತ್ತೀಚೆಗೆ ನಡುರಾತ್ರಿಯ ಸುಮಾರಿಗೆ ಮುಗಿಯುವ ಕಾಲಮಿತಿಯ ಪ್ರಯೋಗಗಳೂ ರೂಢಿಗೆ ಬಂದಿವೆ. ಶನಿವಾರ ಅಂಥದೊಂದನ್ನು ನೋಡಿ ಬಂದವನು ಭಾನುವಾರ ತಡವಾಗಿ ಏಳಲಿ. ಇಡೀ ರಾತ್ರಿಯ ಆಟವನ್ನೇ ನೋಡಬೇಕೆಂಬವನಿಗೂ ಅವಕಾಶವಿಲ್ಲದಿಲ್ಲ: ಮೇ ಮೊದಲ ವಾರ ಪರೀಕ್ಷೆ ಮುಗಿದ ಮೇಲೂ ಮಳೆ ಹಿಡಿಯುವವರೆಗೆ ಕೆಲವು ರಾತ್ರಿಗಳು ಉಳಿದೇ ಇರುತ್ತವೆ.