ಪೇಟಿಯ ಮೇಲೆ ಮೂರು ಬೆರಳು

ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ಬಾದಾಮಿ ಪಕ್ಕದ ಚೊಳಚಗುಡ್ಡದ ಬಯಲು ವಾರಗಟ್ಟಲೆ ಖಾಲಿಯಾಗುವುದಿಲ್ಲ. ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ಸಾಲಾಗಿ ನಿಂತಿರುತ್ತವೆ. ಮುಂದಿನ ಸಾಲಿನಲ್ಲಿ ಕೂತವರು ರಂಗದ ಬುಡದಲ್ಲಿರುವ ಪೇಟಿ (ಹಾರ್ಮೋನಿಯಂ) ಮಾಸ್ತರರನ್ನು ಒಮ್ಮೆ ಗಮನಿಸಬೇಕು. ಕಾಲುಪೇಟಿಯಾದರೆ ಪಾದಗಳೇ ಗಾಳಿ ಒತ್ತುತ್ತವೆ, ಎರಡೂ ಕೈ ಬಿಡುವಾಗಿರುತ್ತವೆ. ಬಲಗೈ ನಟಿಯ ಹಾಡಿನ ಬೆನ್ನು ಹತ್ತಿದರೆ, ಎಡಗೈ ಒಂದೇ ಕಡೆ ಎರಡು ಮೂರು ಮನೆಗಳನ್ನು, ಅಂದರೆ ಕೀಲಿಗಳನ್ನು, ಒಟ್ಟಿಗೆ ಅದುಮಿ ಹಿಡಿಯುತ್ತದೆ. ಪಿಯಾನೊ ಕಲಿಯುವವರು ಮೊದಲ ವಾರ ಕಲಿಯುವ ‘ಕಾರ್ಡ್’ಗೂ ಈ ಎಡಗೈಗೂ ಬಹಳ ದೂರವಿಲ್ಲ.

ಪಿಯಾನೊ ನಮ್ಮ ಕಡೆ ಅಪರೂಪ. ಆದರೆ ಅದರ ಮನೆಗಳ ಜೋಡಣೆ ಇಲಕಲ್ಲ, ಹುನಗುಂದ, ಗುಳೇದಗುಡ್ಡದ ಭಜನೆಯವರಿಗೆಲ್ಲ ಗೊತ್ತು. ಪ್ಯಾರಿಸ್‌ನ ಅಲೆಕ್ಸಾಂಡ್ರ್ ದೆಬೆಂ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದೇ ಶತಮಾನದಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ನುಡಿಸುವ ಕೈಪೇಟಿಯಾಗಿ ಒಗ್ಗಿಸಿದರು. ರಂಗಭೂಮಿ ಅದನ್ನು ಅಪ್ಪಿಕೊಂಡಿತು. 1913ರಲ್ಲಿ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಗೋವಿಂದರಾವ್ ಟೆಂಬೆ ಹೆಸರಾಂತ ಹಾರ್ಮೋನಿಯಂ ವಾದಕರು. ಬೀಳಗಿಯ ಗೋಹರಬಾಯಿ ಕರ್ನಾಟಕಿ ಮುಂದೆ ಆ ಮಂಡಳಿಯ ನಟ ಬಾಲಗಂಧರ್ವರ ಜೊತೆ ಹಾಡಿದ್ದು, ಆರ್ಗನ್ನಿನ ನಾದ ತುಂಬಿದ್ದ ಅದೇ ಪರಂಪರೆಯ ರಂಗದಲ್ಲಿ.

ಇನ್ನು ಕೈಕೆಲಸಕ್ಕೆ ಬರೋಣ. ಬಿಳಿ ಒಂದನ್ನು ಷಡ್ಜ ಮಾಡಿಕೊಳ್ಳಿ. ಬಲಗೈಯ ಹೆಬ್ಬೆರಳು ಬಿಳಿ ಒಂದರ ಮೇಲೆ, ನಡುಬೆರಳು ಬಿಳಿ ಮೂರರ ಮೇಲೆ, ಕಿರುಬೆರಳು ಬಿಳಿ ಐದರ ಮೇಲೆ. ಸ, ಗ, ಪ. ಮೂರನ್ನೂ ಒಟ್ಟಿಗೆ ಒತ್ತಿದರೆ ಮೊದಲ ಕಾರ್ಡ್ ಸಿಕ್ಕಿತು. ಕರಿ ಬಿಳಿ ಎಲ್ಲವನ್ನೂ ಎಣಿಸಿದರೆ ಸದಿಂದ ಗಕ್ಕೆ ನಾಲ್ಕು ಹೆಜ್ಜೆ, ಗದಿಂದ ಪಕ್ಕೆ ಮೂರು. ಈ ನಾಲ್ಕು‑ಮೂರರ ಲೆಕ್ಕ ಕೈಗೆ ಬಂದರೆ ಯಾವ ಮನೆಯಿಂದ ಹೊರಟರೂ ಅದೇ ಬಣ್ಣದ ನಾದ. ಲೆಕ್ಕ ತಿರುಗಿಸಿ ಮೂರು‑ನಾಲ್ಕು ಮಾಡಿ, ಅಂದರೆ ಶುದ್ಧ ಗಾಂಧಾರದ ಜಾಗಕ್ಕೆ ಕೋಮಲ ಗಾಂಧಾರ, ಕರಿ ಎರಡು, ಇಟ್ಟು ನೋಡಿ: ಬೆಳಕಿದ್ದ ಕೋಣೆಗೆ ಸಂಜೆ ಇಳಿದಂತಾಗುತ್ತದೆ. ಒಂದೇ ಮನೆ ಸರಿದದ್ದಕ್ಕೆ ಇಷ್ಟು ಬದಲಾವಣೆ! ಮೊದಲ ಸಲ ಕೇಳಿದ ದಿನ ನಾನು ಆ ಎರಡನ್ನೇ ಅರ್ಧ ತಾಸು ಒತ್ತುತ್ತ ಕೂತಿದ್ದೆ.

ಕಷ್ಟ ಇರುವುದು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಲ್ಲಿ. ಕಲಿಯುವವರು ಕೈಯನ್ನು ಪೂರ್ತಿ ಎತ್ತಿ, ಗಾಳಿಯಲ್ಲಿ ಹುಡುಕಿ, ಮತ್ತೆ ಇಳಿಸುತ್ತಾರೆ. ಅಷ್ಟರಲ್ಲಿ ತಾಳ ತಪ್ಪಿರುತ್ತದೆ. ಎರಡಕ್ಕೂ ಸಮಾನವಾದ ಸ್ವರವನ್ನು ಬಿಡದೆ ಹಿಡಿಯುವುದೇ ಇದಕ್ಕೆ ಉಪಾಯ. ಸ‑ಗ‑ಪದಿಂದ ಸ‑ಮ‑ಧಕ್ಕೆ ಹೋಗುವಾಗ ಹೆಬ್ಬೆರಳು ಷಡ್ಜದ ಮೇಲೆಯೇ ಇರಲಿ, ಉಳಿದೆರಡು ಬೆರಳು ಮಾತ್ರ ಒಂದೊಂದು ಬಿಳಿ ಮನೆ ಮೇಲೇರಲಿ. ಮತ್ತೆ ಸ‑ಗ‑ಪಕ್ಕೆ ಬಂದು, ಅಲ್ಲಿಂದ ಕಿರುಬೆರಳು ಪಂಚಮ ಬಿಡದೆ, ಹೆಬ್ಬೆರಳು ಕೆಳಗಿನ ನಿಷಾದಕ್ಕೆ, ನಡುಬೆರಳು ರಿಷಭಕ್ಕೆ ಇಳಿಯಲಿ. ಮೂರು ಕಾರ್ಡ್ ಆದವು. ಅಸಂಖ್ಯ ಸಿನಿಮಾ ಹಾಡುಗಳ ಕೆಳಗೆ ಇರುವುದು ಈ ಮೂರೇ.

‘ಮೂರೂ ಬೆರಳು ಒಮ್ಮೆ ಇಳೀಬೇಕು, ಒಮ್ಮೆ ಏಳಬೇಕು’ ಎಂದು ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಮೇಲೆ ನಾದ ತಾನಾಗಿ ಕ್ಷೀಣಿಸುತ್ತದೆ. ಪೇಟಿಯಲ್ಲಿ ಒತ್ತಿದಷ್ಟು ಹೊತ್ತೂ ನಿಲ್ಲುತ್ತದೆ, ತಪ್ಪು ಸ್ವರವೂ ಹಾಗೆಯೇ ನಿಲ್ಲುತ್ತದೆ. ಆದ್ದರಿಂದ ಕಿವಿ ಬೇಗ ಪಳಗುತ್ತದೆ. ಕೈಪೇಟಿಯಲ್ಲಿ ಎಡಗೈ ತಿದಿಗೆ ಮೀಸಲು. ಮೂರು ಮನೆ ಒಟ್ಟಿಗೆ ತೆರೆದರೆ ಗಾಳಿ ಬೇಗ ಖರ್ಚಾಗುತ್ತದೆ. ತಿದಿಯನ್ನು ಜಗ್ಗದೆ, ಸಣ್ಣದಾಗಿ, ಒಂದೇ ಸಮನೆ ಒತ್ತುತ್ತಿರಬೇಕು.

ನಮ್ಮ ರಾಗಗಳ ಕೆಳಗೆ ಕಾರ್ಡ್ ಇಡುವಾಗ ಎಚ್ಚರ ಬೇಕು. ಭೂಪಾಲಿಗೆ ಸ‑ಗ‑ಪ ಹೊಂದುತ್ತದೆ, ಮೂರೂ ಆ ರಾಗದ ಸ್ವರಗಳೇ. ಮಾಲಕಂಸದಲ್ಲಿ ಪಂಚಮವೇ ಇಲ್ಲ. ಅಲ್ಲಿ ಸ‑ಗ‑ಪ ಒತ್ತಿದರೆ ರಾಗ ಕೆಡುತ್ತದೆ. ಷಡ್ಜ, ಮಧ್ಯಮ, ಕೋಮಲ ಧೈವತ ಹಿಡಿದರೆ ಸಾಕು. ಹಾರ್ಮೋನಿಯಂನಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ. ಸಮಪಾಲಿನ ಶ್ರುತಿ ಮಾಡಿದ ಪೇಟಿಯಲ್ಲಿ ಅಕ್ಕಪಕ್ಕದ ಎರಡು ಮನೆಗಳ ಅಂತರವನ್ನು 100 ಪಾಲು ಮಾಡಿದರೆ, ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಪಾಲು ಮೇಲಿರುತ್ತದೆ. ಇಂಥ ಆಕ್ಷೇಪಗಳಿಂದಲೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ನಿಷೇಧ ಸಡಿಲಾಗಲು 1971 ಬರಬೇಕಾಯಿತು. ಆಕ್ಷೇಪದಲ್ಲಿ ಹುರುಳಿದೆ, ನಿಷೇಧ ಮಾತ್ರ ಅತಿಯಾಯಿತು. ಆ ಕಾಲದಲ್ಲೂ ನಾಟಕದವರು, ಭಜನೆಯವರು, ಶ್ರೀಕೃಷ್ಣ ಪಾರಿಜಾತದ ಮೇಳದವರು ಪೇಟಿಯನ್ನು ಕೈಬಿಡಲಿಲ್ಲ.

ಈಗ ಪೇಟಿಯ ಜಾಗಕ್ಕೆ ಕೀಬೋರ್ಡು ಬರುತ್ತಿದೆ. ನಮ್ಮವರ ಬಾಯಲ್ಲಿ ಯಾವ ಕಂಪನಿಯದಾದರೂ ಅದು ‘ಕ್ಯಾಸಿಯೊ’ನೇ. ಒಂದೇ ಬೆರಳಿಗೆ ಪೂರ್ತಿ ಕಾರ್ಡ್ ನುಡಿಸುವ ಗುಂಡಿ ಅದರಲ್ಲಿರುತ್ತದೆ. ಕಲಿಯುವ ಮಕ್ಕಳು ಆ ಗುಂಡಿ ಮುಟ್ಟದಿರುವುದು ಒಳ್ಳೆಯದು. ಮೂರು ಬೆರಳು ಕಲಿಯಬೇಕಾದ ಪಾಠವನ್ನು ಯಂತ್ರಕ್ಕೆ ಒಪ್ಪಿಸಿದರೆ ಕೈಗೂ ಕಿವಿಗೂ ಏನೂ ದಕ್ಕುವುದಿಲ್ಲ.

ಎಷ್ಟೋ ಊರಿನ ಗುಡಿಗಳಲ್ಲಿ ಭಜನಾ ಮಂಡಳಿಯ ಪೇಟಿ ಹಗಲೆಲ್ಲ ಬಟ್ಟೆ ಹೊದ್ದು ಕೂತಿರುತ್ತದೆ. ಹಿರಿಯರನ್ನು ಕೇಳಿ, ದಿನಕ್ಕೆ ಹದಿನೈದು ನಿಮಿಷ ಮಕ್ಕಳನ್ನು ಅದರ ಮುಂದೆ ಕೂರಿಸಿ, ನೀವೂ ಕೂತುಕೊಳ್ಳಿ. ಬರುವ ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ನಾಟಕ ನೋಡುವಾಗ ಮುಂದಿನ ಸಾಲಿನ ಟಿಕೀಟೇ ತೆಗೆಸಿ, ಮಾಸ್ತರರ ಎಡಗೈ ನೋಡಿ.